ಅಂಗೀಕೃತ ಅಂಕುಡೊಂಕು

ಬನಶಂಕರಿ ಆರನೇ ಹಂತದ ಆಚೆಗಿರುವ ಕಲ್ಲುಗುಡ್ಡೆ ಮೀಸಲು ಅರಣ್ಯವು ೨೦೦೧ನೇ ಇಸವಿ ಫೆಬ್ರವರಿಯ ಎರಡನೇ ಶುಕ್ರವಾರದಿಂದ ಜಾರಿಗೆ ಬರುವಂತೆ ನಿಸರ್ಗದಂತೆ ಇರತಕ್ಕದ್ದೆಂದು ಆದೇಶವಾಯಿತು. ಅದಕ್ಕೆ ಮೊದಲು ಅದು ಹೇಗಿತ್ತೆಂಬ ಬಗ್ಗೆ ಕಡತದಲ್ಲಿ ಮಾಹಿತಿ ಇಲ್ಲ.

ಆದೇಶ ಜಯನಗರದಲ್ಲಿರುವ ಅರಣ್ಯ ಇಲಾಖೆಯ ನಮ್ಮ ಉಪಕಚೇರಿಗೆ ಬಂದಾಗ ಗುಮಾಸ್ತನಾದ ನಾನೇ ಅದಕ್ಕೆ ಮೊಹರು ಹಾಕಿದೆ. ಆ ದಿನ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಬಂದಿದ್ದೆನಾದ್ದರಿಂದ ಏನೋ ಒಳ್ಳೆಯದೇ ಬರುತ್ತದೆಂದು ನನಗೆ ಗೊತ್ತಿತ್ತು. ಇನ್ನು ಮುಂದೆ ಗಿಡಗಳನ್ನು ಹಗ್ಗ ಹಿಡಿದು ಸಾಲಾಗಿ ನೆಡಕೂಡದು. ಕಾಡು ತಾನಾಗಿ ಬೆಳೆದಂತೆ ಬಗೆಬಗೆಯ ಮರ ಬೆರೆತಿರಬೇಕು. ಒಣಗಿದ ಮರವನ್ನು ತೆಗೆಯದೆ ಹುಳಹುಪ್ಪಟೆಗೆ, ಅಣಬೆಗೆ ಬಿಡಬೇಕು. ಒಂದೇ ಕಾಡು ನೀರು, ಮರಮಟ್ಟು, ವನ್ಯಜೀವಿ, ಜನರ ವಿಹಾರ ಎಂಬ ನಾಲ್ಕು ಉಪಯೋಗಗಳನ್ನೂ ಕೊಡಬೇಕು ಎಂದಿತ್ತು. ಭಗವಂತ ಮೊದಲಿನಿಂದಲೂ ಮಾಡಿಕೊಂಡು ಬಂದದ್ದಕ್ಕೆ ಈಗ ಮೇಲಿನವರ ಮಂಜೂರಾತಿಯೂ ಸಿಕ್ಕಿತಲ್ಲ ಎಂದು ಆದೇಶವನ್ನು ಕಣ್ಣಿಗೊತ್ತಿಕೊಂಡೆ.

ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಕಾವಲುಗಾರ ಮಾರಯ್ಯ. ಕಲ್ಲುಗುಡ್ಡೆಯ ನೀಲಗಿರಿ ಸಾಲುಗಳ ನಡುವೆ ಹೊಂಗೆ, ಬೇವು, ಆಲ, ಅತ್ತಿ ಎಂದು ಮುನ್ನೂರ ಹನ್ನೆರಡು ಸಸಿಗಳು ತಾವಾಗಿಯೇ ಎದ್ದಿದ್ದವು. ಕೆಲವು ಗಾಳಿ ತಂದದ್ದು, ಕೆಲವು ಹಕ್ಕಿ ಹಾಕಿದ್ದು. ನಾಲ್ಕು ವರ್ಷದಿಂದ ಅವನು ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿ, ಬೇಸಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಅವನ್ನು ಉಳಿಸಿದ್ದ. ಒಂದೆರಡಕ್ಕೆ ಹೆಸರಿಟ್ಟು ಕರೆಯುತ್ತಿದ್ದನೆಂದೂ ಕೇಳಿದ್ದೇನೆ. ಅದು ನಿಯಮಕ್ಕೆ ವಿರುದ್ಧವಲ್ಲ.

“ಹಂಗಾದ್ರೆ ನಮ್ ಕೆಲ್ಸ ಆಗೋಗಿದೆ ಅಲ್ವಾ ಸಾರ್? ಅವ್ರು ಕೇಳಿದ್ದು ಆಗ್ಲೇ ಅಲ್ಲೈತೆ,” ಎಂದ.

“ಇರೋದು ಬೇರೆ, ಅನುಷ್ಠಾನ ಬೇರೆ ಮಾರಯ್ಯ,” ಎಂದರು ವಲಯಾಧಿಕಾರಿ ಜಯಸಿಂಹ ಸಾಹೇಬರು. ಅವರು ಬಹಳ ಮೃದು ಮನಸ್ಸಿನವರು.

ಅನುಷ್ಠಾನಕ್ಕೆ ಹನ್ನೆರಡು ಮಂದಿ ಕೂಲಿಯವರು ಬಂದರು. ಹಗ್ಗ ಕೊಡದೆ, ಮನಸ್ಸಿಗೆ ಬಂದಲ್ಲಿ ಗುಂಡಿ ತೋಡಿ ಎಂದು ಅವರಿಗೆ ಹೇಳಲಾಯಿತು. ಇಪ್ಪತ್ತು ವರ್ಷ ನೀಲಗಿರಿ ನೆಟ್ಟ ಕೈಗಳು. ಸಂಜೆ ನೋಡಿದರೆ ಗುಂಡಿಗಳು ಎರಡೆರಡು ಮೀಟರಿಗೆ ಒಂದರಂತೆ ಸಾಲಾಗಿ ಕೂತಿದ್ದವು. ಮರುದಿನ ಒಬ್ಬೊಬ್ಬರನ್ನೂ ಒಂದೊಂದು ದಿಕ್ಕಿಗೆ ಅಟ್ಟಿದರು. ಅವರು ಕೂಗಿ ಮಾತಾಡಿಕೊಂಡು ಸಾಲು ಕೂಡಿಸಿದರು. ಆದ್ದರಿಂದ ಅಂಕುಡೊಂಕಿಗೊಂದು ನಕ್ಷೆ ಬೇಕೆಂದು ತೀರ್ಮಾನವಾಯಿತು.

ನಕ್ಷೆಗಾರ ಸೀನು ಬರೆದ ಮೊದಲ ನಕ್ಷೆಯಲ್ಲಿ ಡೊಂಕು ಎಡಕ್ಕೆ ಜಾಸ್ತಿ, ಬಲಕ್ಕೆ ಕಡಿಮೆ ಇದೆಯೆಂದು ಮೇಲಿನಿಂದ ವಾಪಸ್ಸು ಬಂತು. ಎರಡನೆಯದರಲ್ಲಿ ಡೊಂಕಿಗೆ ಕಾರಣ ಕೊಟ್ಟಿರಲಿಲ್ಲ. ಮೂರನೆಯದು ಮೂರು ಸಹಿಗಳೊಂದಿಗೆ ಅಂಗೀಕಾರವಾಗಿ, ಅದರ ಜೊತೆ ಸುತ್ತೋಲೆಯೊಂದು ಬಂತು:

“ನಿಯಮ ೭(ಆ): ತಾನಾಗಿ ಬೆಳೆಯುವ ಯಾವುದೇ ಗಿಡವು ಅಂಗೀಕೃತ ನಕ್ಷೆಯಲ್ಲಿ ಗುರುತಿಸಿದ ಸ್ಥಳದಲ್ಲಿಯೇ ತಾನಾಗಿ ಬೆಳೆಯತಕ್ಕದ್ದು. ತಪ್ಪಿದಲ್ಲಿ ಅಂಥ ಗಿಡವನ್ನು ಅಸ್ವಾಭಾವಿಕವೆಂದು ಪರಿಗಣಿಸಲಾಗುವುದು.”

ಸುಣ್ಣದ ಪುಡಿಯಲ್ಲಿ ಗುರುತು ಹಾಕಿ ನೋಡಿದಾಗ ಮಾರಯ್ಯನ ಸಸಿಗಳಲ್ಲಿ ಮೂರು ಮಾತ್ರ ಸರಿಯಾದ ಜಾಗದಲ್ಲಿದ್ದವು. ಮೂರಾದರೂ ಇವೆಯಲ್ಲ, ದೈವಕೃಪೆ ಎಂದುಕೊಂಡೆ. ಉಳಿದ ಮುನ್ನೂರ ಒಂಬತ್ತನ್ನು ಕಿತ್ತು ಗುರುತಿನ ಜಾಗಕ್ಕೆ ನೆಡಬೇಕಾಯಿತು.

ಮಾರಯ್ಯ ಸೀನುವಿನ ಮೇಜಿನ ಮುಂದೆ ನಿಂತ. “ಸ್ವಾಮಿ, ನಕ್ಷೆನೇ ವಸಿ ತಿದ್ದಕ್ಕಾಗಲ್ವಾ? ಅದು ಕಾಗ್ದ. ನೋವಾಗಲ್ಲ.”

“ನಕ್ಷೆಗೆ ಮೂರು ಸೈನ್ ಆಗಿದೆ ಮಾರಯ್ಯ. ನಿನ್ ಗಿಡಕ್ಕೆ ಒಂದಾದ್ರೂ ಸೈನ್ ಇದ್ಯಾ?”

“ಹಕ್ಕಿ ಸೈನ್ ಹಾಕ್ತದಾ ಸ್ವಾಮಿ?”

“ಅದೇ ನೋಡು ಪ್ರಾಬ್ಲಂ.”

ಅವನು ಸಾಹೇಬರ ಕೋಣೆಗೆ ಹೋದ. “ಮಳೆ ಹಿಡಿಯೋ ತನಕ ತಡೀರಿ ಸಾರ್. ಈ ಬಿಸ್ಲಲ್ಲಿ ಕಿತ್ರೆ ಒಂದೂ ಉಳಿಯಲ್ಲ.”

“ನಿಸರ್ಗಕ್ಕೆ ಮಾರ್ಚ್ ಮೂವತ್ತೊಂದು ಲಾಸ್ಟ್ ಡೇಟಪ್ಪ. ನನ್ ಕೈಲಿ ಏನಿದೆ?”

“ಆ ಹೊಂಗೆ ಒಂದು ಗೇಣು ಅಷ್ಟೇ ಆಚೆ ಐತೆ ಸಾರ್. ದಪ್ಪ ಆದ್ರೆ ತಾನೇ ಗುರುತಿಗೆ ಬತ್ತದೆ.”

ಸಾಹೇಬರು ಕಡತ ತಿರುವಿ ನೋಡಿದರು. “ದಪ್ಪ ಆಗೋದು ಮುಂದಿನ ವರ್ಷದ ಕಾರ್ಯಕ್ರಮದಲ್ಲಿದೆ.”

ಮಾರಯ್ಯನ ಮುಖ ನೋಡಲಾರದೆ ನಾನು ಹರಕೆ ಹೊತ್ತೆ. ಒಂದಾದರೂ ಬದುಕಲಿ, ಒಂಬತ್ತು ಶುಕ್ರವಾರ ದೀಪ ಹಚ್ಚುತ್ತೇನೆ ತಾಯಿ ಎಂದೆ. ಅವನು ಕೂಲಿಯವರ ಕೈಗೆ ಒಂದು ಸಸಿಯನ್ನೂ ಕೊಡದೆ, ಬೇರಿಗಂಟಿದ ಮಣ್ಣಿನ ಹೆಂಟೆ ಸಮೇತ ತಾನೇ ಎತ್ತಿ, ಏಳು ದಿನದಲ್ಲಿ ಮುನ್ನೂರ ಒಂಬತ್ತನ್ನೂ ಸರಿಸಿದ. ಹೆಚ್ಚಿನವು ಒಂದೆರಡು ಅಡಿ. ಆ ಹೊಂಗೆ ಒಂದು ಗೇಣು.

ಈ ನಡುವೆ ನಾಲ್ಕು ಉಪಯೋಗಗಳಿಗೆ ವೇಳಾಪಟ್ಟಿ ತಯಾರಾಗಿ ಗೇಟಿನ ಮೇಲೆ ಬಂತು. ಬೆಳಿಗ್ಗೆ ಐದೂವರೆಯಿಂದ ಎಂಟೂವರೆ ವಿಹಾರ, ಹನ್ನೊಂದರವರೆಗೆ ನೀರು, ಊಟದ ನಂತರ ವನ್ಯಜೀವಿ, ಸಂಜೆ ಮರಮಟ್ಟು. ವಾಕಿಂಗ್ ಸಂಘದ ಅಧ್ಯಕ್ಷೆ ಪದ್ಮಶ್ರೀ ಮೇಡಂ ಜೆ.ಪಿ. ನಗರದಿಂದ ಲಿಖಿತ ದೂರು ಕೊಟ್ಟರು. “ಏಳು ಗಂಟೆಗೆ ನವಿಲು ಅಡ್ಡ ಬಂತು ಸಾರ್! ಅದು ನಮ್ ಟೈಮಲ್ವಾ?” ದೂರಿನಲ್ಲಿ ಹುರುಳಿತ್ತು. ನವಿಲಿಗೆ ಮೌಖಿಕವಾಗಿ ತಿಳಿಸಲಾಯಿತು.

ಯುಗಾದಿಗೆ ಸಸಿಗಳ ಎಲೆ ಜೋತುಬಿದ್ದವು. ಮಾರಯ್ಯ ದಿನಕ್ಕೆ ನಲವತ್ತು ಕೊಡ ಹೊತ್ತ. ನೀರಿನ ಉಪಯೋಗದ ವೇಳೆ ಬಿಟ್ಟು ಬೇರೆ ಹೊತ್ತಿನಲ್ಲಿ ನೀರು ಹಾಕಿದ್ದಕ್ಕೆ ಅವನಿಗೊಂದು ಮೆಮೊ ಹೋಯಿತು. ಬರೆದವನು ನಾನೇ, ಆದಷ್ಟು ಸೌಮ್ಯವಾಗಿ ಬರೆದೆ. ಏಪ್ರಿಲ್ ಕೊನೆಗೆ ಮುನ್ನೂರ ಒಂಬತ್ತೂ ಒಣಗಿ ನಿಂತವು. ಗೇಣು ಸರಿದ ಹೊಂಗೆಯ ಬುಡದಲ್ಲಿ ಅವನು ಟವೆಲು ತಲೆ ಮೇಲೆ ಹಾಕಿಕೊಂಡು ಕೂತಿದ್ದ.

ನಾನು ಕಣ್ಣು ಮುಚ್ಚಿ ದಾರಿ ತೋರಿಸು ತಾಯಿ ಎಂದು ಬೇಡಿದೆ. ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ತ್ರೈಮಾಸಿಕ ವರದಿಯ ನಮೂನೆ. ಹನ್ನೊಂದನೇ ಕಾಲಂ: ಒಣಮರ. ಗುರಿ ಅರವತ್ತು, ಸಾಧನೆ ಸೊನ್ನೆ. ಅಮ್ಮನ ಲೀಲೆಗೆ ಕೈಮುಗಿದು ಸೊನ್ನೆಯನ್ನು ಹೊಡೆದುಹಾಕಿ ಮುನ್ನೂರ ಒಂಬತ್ತು ಎಂದು ತುಂಬಿದೆ. ಶೇಕಡ ಐನೂರ ಹದಿನೈದು ಸಾಧನೆ! ಬೇರೆ ಯಾವ ಕಚೇರಿಯೂ ನೂರು ದಾಟಿರಲಿಲ್ಲ.

ಮೆಚ್ಚುಗೆ ಪತ್ರ ಬಂತು. ಸಾಹೇಬರಿಗೆ ಶಾಲು ಹೊದಿಸಿದರು, ಸೀನುವಿನ ನಕ್ಷೆಗೆ ಗಾಜು ಹಾಕಿಸಿದರು. ವಾಕಿಂಗ್ ಸಂಘದವರು ಒಣಸಸಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಒಣಮರದಿಂದ ಒಂದು ಕಡ್ಡಿಯೂ ಕಳುವಾಗದಂತೆ ಕಾಯಲು ಮಾರಯ್ಯನನ್ನೇ ನೇಮಿಸಲಾಯಿತು. ಅವನು ಟೇಪು, ನಕ್ಷೆಯ ಒಂದು ಪ್ರತಿ ತೆಗೆದುಕೊಂಡು ಹೋದ.

ಜುಲೈಯಲ್ಲಿ ಮಳೆ ಹಿಡಿದ ಮೇಲೆ ಲೆಕ್ಕದ ಪರಿಶೀಲನೆಗೆಂದು ಕಲ್ಲುಗುಡ್ಡೆಗೆ ಹೋದೆ. ಮಾರಯ್ಯ ನೆಲಕ್ಕೆ ಬಾಗಿ ಟೇಪು ಹಿಡಿದಿದ್ದ. ಒಣಗಿದ ಬೇವಿನ ಪಕ್ಕದಲ್ಲಿ ಹೊಂಗೆಯ ಮೊಳಕೆಯೊಂದು ಮಣ್ಣು ಸೀಳಿ ಎದ್ದಿತ್ತು. ಎರಡು ಎಲೆ, ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಅವನು ಎರಡು ಸಲ ಅಳೆದ.

“ಹದಿನಾಲ್ಕು ಇಂಚು ಆಚೆ ಐತೆ ಸಾರ್. ಅಸ್ವಾಭಾವಿಕ,” ಎಂದ.

ನಾನು ಹೇಳುವ ಮೊದಲೇ ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಕಿತ್ತ. ಬೇರಿನ ಮಣ್ಣು ಒದರಿ, ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದ.

“ಇದ್ನ ಒಣಮರಕ್ಕೆ ಸೇರ್ಸ್ಕೊಬೋದಾ ಸಾರ್?”

“ಇನ್ನೂ ಹಸಿ ಇದೆಯಲ್ಲ ಮಾರಯ್ಯ.”

“ಸಂಜೆ ಒಳ್ಗೆ ಆಗ್ತದೆ.”

ಅವನ ಶ್ರದ್ಧೆ ಮೆಚ್ಚಿ ನಾನು ಪೆನ್ನು ತೆಗೆದೆ. ಮುನ್ನೂರ ಹತ್ತು ಎಂದು ತಿದ್ದಿ, ಪಕ್ಕದಲ್ಲಿ ಅವನ ಸಹಿ ಹಾಕಿಸಿಕೊಂಡೆ.