ಕ್ಷೇಮ ವಿಚಾರಿಸುವ ಗೋಲ್‌ಕೀಪರ್

ನಲವತ್ತೈದನೆಯ ವಯಸ್ಸಿನಲ್ಲಿ ನಾನು ಜಯಲಕ್ಷ್ಮಿಪುರಂನ ಭಾನುವಾರದ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆದದ್ದು ಪ್ರತಿಭೆಯ ಬಲದಿಂದ ಎಂದೇ ನನ್ನ ನೆನಪು. ಓಡಲಾರದವರ ಪೈಕಿ ನಾನೇ ಎತ್ತರದವನಾಗಿದ್ದೆ ಎಂಬುದು ನನ್ನ ಹೆಂಡತಿ ಸುಮಾಳ ನೆನಪು. ಅವಳ ನೆನಪು ನನ್ನದಕ್ಕಿಂತ ಗಟ್ಟಿ.

ನನಗೆ ಹಾರಲು ಬರುತ್ತಿರಲಿಲ್ಲ, ಬೀಳಲು ಮನಸ್ಸಿರಲಿಲ್ಲ. ಆದ್ದರಿಂದ ನನ್ನದೇ ಒಂದು ಶೈಲಿಯನ್ನು ರೂಪಿಸಿಕೊಂಡೆ. ಎದುರಾಳಿ ಚೆಂಡಿನೊಂದಿಗೆ ನುಗ್ಗಿ ಬರುವಾಗ ಸೌಜನ್ಯದಿಂದ ಕೇಳುತ್ತಿದ್ದೆ: "ತಿಂಡಿ ಆಯ್ತಾ ಸಾರ್?"

ಮೈಸೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವವರು ಕಡಿಮೆ. "ಆಯ್ತು ಸಾರ್, ನಿಮ್ದು?" ಎನ್ನುವಷ್ಟರಲ್ಲಿ ಕಾಲಿನ ಲಯ ತಪ್ಪಿ ಚೆಂಡು ಚರಂಡಿ ಸೇರಿರುತ್ತಿತ್ತು. ಹೀಗೆ ನಾನು ತಪ್ಪಿಸಿದ ಗೋಲುಗಳು ಎಷ್ಟೆಂದು ಹೇಳುವುದಿಲ್ಲ. ನೆನಪಿಸಿಕೊಂಡಾಗಲೆಲ್ಲ ಅವು ಹೆಚ್ಚಾಗುತ್ತಿವೆ.

ಒಮ್ಮೆ ಎದುರಾಳಿಯೊಬ್ಬರು ದೂರು ಕೊಟ್ಟರು. ರೆಫರಿ ಬಹಳ ಹೊತ್ತು ಯೋಚಿಸಿದರು. "ಬೈದಿದ್ರೆ ಹಳದಿ ಕಾರ್ಡ್ ತೋರಿಸ್ತಿದ್ದೆ ಕಣ್ರೀ. ತಿಂಡಿ ಆಯ್ತಾ ಅಂದೋರಿಗೆ ಏನ್ ತೋರಿಸ್ಲಿ?"

ಕೀರ್ತಿಯೇ ನನಗೆ ಮುಳುವಾಯಿತು. ಸುದ್ದಿ ಹರಡಿ, ಜನ ದೂರದಿಂದಲೇ "ಆಯ್ತು, ಇಡ್ಲಿ" ಎಂದು ಕೂಗಿ ಆಮೇಲೆ ನಿಶ್ಚಿಂತೆಯಿಂದ ಒದೆಯತೊಡಗಿದರು. ಸಾಲಾಗಿ ಸೋತೆವು. ಕುಂಬಾರಕೊಪ್ಪಲಿನ ಪುಟ್ಟರಾಜು ನಮ್ಮ ಕ್ಯಾಪ್ಟನ್. ನನ್ನನ್ನು ಪಕ್ಕಕ್ಕೆ ಕರೆದ.

"ಸಾರ್, ಬೇಜಾರ್ ಮಾಡ್ಕಬೇಡಿ. ಬರೋ ಭಾನ್ವಾರ ನಜರ್‌ಬಾದ್‌ನೋರ ಕೈಲೂ ಸೋತ್ರೆ ಗೋಲಿಗೆ ಬೇರೆಯೋರ್ನ ಹಾಕ್ಬುಡ್ತೀನಿ. ನೀವು ಗೆರೆ ಆಚೆ ನಿಂತ್ಕಂಡು ಎಲ್ರನ್ನೂ ವಿಚಾರಿಸ್ಕಳಿ."

ಇದು ಸಣ್ಣ ಸಂಗತಿಯಲ್ಲ. ಇಡೀ ವಾರದಲ್ಲಿ ನನ್ನ ಪ್ರಶ್ನೆಗೆ ಯಾರಾದರೂ ನಿಂತು ಉತ್ತರ ಕೊಡುತ್ತಿದ್ದ ಜಾಗ ಅದೊಂದೇ.

ಉತ್ತರ ಉದ್ದವಾಗುವಂಥ ಪ್ರಶ್ನೆ ಬೇಕೆಂದು ತೀರ್ಮಾನಿಸಿ, ಸುಮಾಳ ಮುಂದೆ ಅಭ್ಯಾಸ ಮಾಡಿದೆ. "ಮನೆ ರಿಪೇರಿ ಎಲ್ಲೀವರೆಗೆ ಬಂತು ಸಾರ್?"

"ರೀ, ಚೆಂಡು ಹಿಡಿಯೋದನ್ನೂ ಒಂಚೂರು ಅಭ್ಯಾಸ ಮಾಡಬಾರ್ದಾ?"

"ಅದು ಮಾಮೂಲಿ ಕೀಪರ್‌ಗಳ ಕೆಲಸ" ಎಂದೆ.

ನಜರ್‌ಬಾದ್ ತಂಡದ ಮೇಲೆ ಹೊಸ ಪ್ರಶ್ನೆ ಚೆನ್ನಾಗಿಯೇ ಕೆಲಸ ಮಾಡಿತು. ಒಬ್ಬರಂತೂ ಗಾರೆ ಕೆಲಸದವರನ್ನು ಬೈಯುತ್ತ ಚೆಂಡನ್ನೇ ಮರೆತರು. ಕೊನೆಯವರೆಗೂ ಆಟ ಸಮಬಲವಾಗಿತ್ತು. ಆಗ ಅವರಿಗೆ ಪೆನಾಲ್ಟಿ ಸಿಕ್ಕಿತು.

ಒದೆಯಲು ಬಂದವರು ದಪ್ಪ ಕನ್ನಡಕದ ಸೌಮ್ಯ ವ್ಯಕ್ತಿ. ನಾನು ಬಾಯಿ ತೆರೆಯುವ ಮೊದಲೇ, ಚೆಂಡನ್ನು ನೆಲಕ್ಕಿಡುತ್ತ ಅವರೇ ಕೇಳಿದರು: "ಆಗ್ಲಿಂದ ನೋಡ್ತಿದ್ದೀನಿ, ಸೊಂಟ ಹಿಡ್ಕೊಂಡೇ ನಿಂತಿದ್ದೀರ. ತುಂಬಾ ನೋವಾ ಸಾರ್?"

ಆ ನೋವಿನ ಬಗ್ಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮನೆಯಲ್ಲೂ!

"ಕೂತ್ರೆ ಏನೂ ಇಲ್ಲ ಸಾರ್, ಏಳುವಾಗ್ಲೇ ಪ್ರಾಣ ಹೋಗುತ್ತೆ" ಎಂದು ಶುರುಮಾಡಿದೆ.

"ಎಡಗಡೆನೋ, ಬಲಗಡೆನೋ?"

ಇಂಥದ್ದನ್ನು ಬರಿಯ ಮಾತಿನಲ್ಲಿ ವಿವರಿಸುವುದು ಕಷ್ಟ. ಪೂರ್ತಿ ತಿರುಗಿ ನಿಂತು, ಹೆಬ್ಬೆರಳಿನಿಂದ ನೋವಿನ ಜಾಗವನ್ನು ಒತ್ತಿ ತೋರಿಸಿದೆ. ಅಷ್ಟರಲ್ಲಿ ರೆಫರಿ ಸೀಟಿ ಊದಿದ್ದರು ಎಂದು ಆಮೇಲೆ ಹೇಳಿದರು. ಚೆಂಡು ಬಲೆಗೆ ಬಿದ್ದದ್ದನ್ನು ಮೈದಾನದಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವನು ನಾನೇ.

ಪುಟ್ಟರಾಜು ಬಂದು, ಕೈ ಚಾಚಿ, ಗ್ಲೌಸು ಇಸಿದುಕೊಂಡ.

"ಸೋತ್ರಾ?" ಎಂದಳು ಸುಮಾ, ಮನೆಯ ಬಾಗಿಲು ತೆಗೆಯುತ್ತ.

"ಸೋತ್ವಿ. ಆದ್ರೆ ಆ ಮನುಷ್ಯ ಎಷ್ಟು ಕಳಕಳಿಯಿಂದ ಕೇಳಿದ್ರು ಗೊತ್ತಾ?"

"ನೀವು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡ್ರಾ?"

ತಲೆಯಾಡಿಸುತ್ತ ಕೊನೆಯವರೆಗೂ ಕೇಳಿಸಿಕೊಂಡರು ಎಂದೇ ನನ್ನ ನೆನಪು. ಆದರೆ ನಾನು ಅವರಿಗೆ ಬೆನ್ನು ಮಾಡಿ ನಿಂತಿದ್ದೆ.