ನಿದ್ದೆಗೆಂದೇ ಬುಕ್ ಮಾಡಿದ ರೂಮು

ಸಮುದ್ರದ ಪಕ್ಕ ನೌಕರಿ ಮಾಡುವವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಕೌಂಟರಿನ ಹಿಂದೆ ನಿಂತರೆ ಸಾಕು, ಏನಾದರೊಂದು ತಾನಾಗಿಯೇ ಬಾಗಿಲು ದಾಟಿ ಬರುತ್ತದೆ.

ನಾನು ಸೆಂಟೋಸಾ ದ್ವೀಪದ ಒಂದು ರೆಸಾರ್ಟಿನಲ್ಲಿ ಅತಿಥಿಗಳನ್ನು ನೋಡಿಕೊಳ್ಳುವವಳು. ಜುರಾಂಗ್ ವೆಸ್ಟಿನ ಮನೆಯಲ್ಲಿ ಕುಕ್ಕರ್ ಇಳಿಸಿ, ಎಂಆರ್‌ಟಿ ರೈಲಿನಲ್ಲಿ ನಿಂತೇ ಬಂದು, ದ್ವೀಪಕ್ಕೆ ಕಾಲಿಟ್ಟರೆ ಎಲ್ಲವೂ ಅರ್ಧ ಕನಸು. ಮರಳು ಎಲ್ಲಿಂದಲೋ ತಂದು ಹಾಸಿದ್ದು, ತೆಂಗಿನ ಮರ ಸಾಲು ನೋಡಿ ನೆಟ್ಟಿದ್ದು. ದೂರದಲ್ಲಿ ಹಡಗುಗಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ನಿಂತಿರುತ್ತವೆ. ನವಿಲುಗಳು ರೂಮಿನ ಬಾಡಿಗೆ ಕೊಟ್ಟವರ ಹಾಗೆ ಓಡಾಡುತ್ತವೆ.

ನಮ್ಮ ಮ್ಯಾನೇಜರರದ್ದು ಒಂದೇ ಮಂತ್ರ: ಇಲ್ಲಿಗೆ ಬಂದವರು ಏನೂ ಮಾಡಬಾರದು, ಸುಮ್ಮನೆ ಇರಬೇಕು. ಇದನ್ನು ಹೇಳಿಕೊಂಡು ಆ ಮನುಷ್ಯ ದಿನವಿಡೀ ಕೋಟು ಹಾಕಿ ಓಡುತ್ತಿರುತ್ತಾರೆ. ಅವರು ಕುಳಿತದ್ದನ್ನು ನಾನು ಕಂಡಿರಲಿಲ್ಲ.

ಈಚೆಗೆ ಚೋವಾ ಚು ಕಾಂಗ್ ಬಡಾವಣೆಯಿಂದ ನಮ್ಮ ಕನ್ನಡದವರೇ ಒಂದು ಕುಟುಂಬ ಬಂತು. ಮಗಳು, ಅಳಿಯ, ಮತ್ತು ಮಗಳ ತಂದೆ. ತಂದೆ ಬಾಗಲಕೋಟೆ ಕಡೆಯ ನಿವೃತ್ತ ಮಾಸ್ತರು. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಕಣ್ಣ ಕೆಳಗೆ ಕಪ್ಪು. ಚೆಕ್ ಇನ್ ಆಗುವಾಗ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು.

"ಅಮ್ಮ ಹೋದಾಗಿಂದ ಅಪ್ಪಾಜಿ ಸರಿಯಾಗಿ ನಿದ್ದೆನೇ ಮಾಡಿಲ್ಲ ಆಂಟಿ. ಇಲ್ಲಿ ಬೆಡ್ ಚೆನ್ನಾಗಿರುತ್ತೆ, ಅಲೆ ಸೌಂಡ್ ಕೇಳುತ್ತೆ ಅಂತ ಬುಕ್ ಮಾಡಿದೀನಿ. ಒಂದೇ ಒಂದ್ಸಲ ನೆಮ್ಮದಿಯಾಗಿ ಮಲಗಿಬಿಟ್ರೆ ಸಾಕು."

ಆಂಟಿ ಅಂದದ್ದಕ್ಕೆ ಸ್ವಲ್ಪ ಬೇಜಾರಾಯಿತು. ಉಳಿದ ಮಾತಿಗೆ, ನಾನಿದ್ದೇನೆ ಬಿಡಿ ಎಂದೆ.

ನವಿಲು ಮತ್ತು ಅಳಿಯ

ಅಳಿಯನಿಗೆ ರಾಫೆಲ್ಸ್ ಪ್ಲೇಸಿನ ಒಂದು ಆಫೀಸಿನಲ್ಲಿ ಕೆಲಸ. ರಜೆ ಸಿಕ್ಕಿರಲಿಲ್ಲ, ಮನೆಯಿಂದ ಕೆಲಸ ಮಾಡುತ್ತೇನೆ ಎಂದು ಹೇಳಿ ಬಂದಿದ್ದ. ರೂಮಿನಲ್ಲಿ ಮಾವನವರನ್ನು ಮಲಗಿಸುವ ಕಾರ್ಯಕ್ರಮ ನಡೆದಿದ್ದರಿಂದ ಅವನನ್ನು ಹೊರಗೆ ಕಳಿಸಿದ್ದರು. ಹಾಗಾಗಿ ಮೀಟಿಂಗಿಗೆ ಮರಳಿನ ಮೇಲೆ ಕೊಡೆಯ ಕೆಳಗೆ ಕುಳಿತ, ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಈಜುಚಡ್ಡಿ.

ಅವನ ಬಾಸಿಗೆ ಹಿಂದಿನ ಸಮುದ್ರ ತುಂಬಾ ಹಿಡಿಸಿತಂತೆ. ಇಂಥ ಬ್ಯಾಕ್‌ಗ್ರೌಂಡ್ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಡೌನ್‌ಲೋಡ್ ಮಾಡಿಕೊಂಡೆ ಎಂದ ಇವನು. ಅಷ್ಟರಲ್ಲಿ ನವಿಲೊಂದು ನಿಧಾನಕ್ಕೆ ನಡೆದು ಬಂದು, ಇವನ ಭುಜದ ಹಿಂದೆ ನಿಂತು, ಕ್ಯಾಮೆರಾ ನೋಡಿ ಕಿರುಚಿತು. ಇದು ಹಣ ಕೊಟ್ಟು ತೆಗೆದುಕೊಂಡದ್ದು ಸಾರ್, ಅದಕ್ಕೇ ಅಲ್ಲಾಡುತ್ತೆ ಎಂದನಂತೆ ಅಳಿಯ.

ಅದೇ ಕೂಗಿಗೆ ಮೇಲೆ ಆಗಷ್ಟೇ ಕಣ್ಣು ಮುಚ್ಚಿದ್ದ ಮಾಸ್ತರರು ಎದ್ದು ಬಾಲ್ಕನಿಗೆ ಬಂದರು. ಆ ದಿನದ ನಿದ್ದೆ ಅಲ್ಲಿಗೆ ಮುಗಿಯಿತು. ಸಂಜೆ ಅಳಿಯ ನನ್ನ ಕೌಂಟರಿಗೆ ಬಂದು, ಬಾಸು ಆ ಬ್ಯಾಕ್‌ಗ್ರೌಂಡಿನ ಲಿಂಕ್ ಕೇಳುತ್ತಿದ್ದಾರೆ, ನಿಮ್ಮ ಬುಕಿಂಗ್ ಲಿಂಕನ್ನೇ ಕಳಿಸಿಬಿಡಲಾ ಎಂದು ಕೇಳಿದ.

ದಿಂಬಿನ ಮೆನು

ನಮ್ಮಲ್ಲಿ ಊಟಕ್ಕಿರುವ ಹಾಗೆ ದಿಂಬಿಗೂ ಮೆನು ಇದೆ. ಮರುದಿನ ಅದರಲ್ಲಿದ್ದ ದಿಂಬುಗಳನ್ನೆಲ್ಲ ಮಾಸ್ತರರ ರೂಮಿಗೆ ಕಳಿಸಿದೆ. ಅವರು ಒಂದೊಂದನ್ನೂ ಪರೀಕ್ಷೆಯ ಪೇಪರಿನಂತೆ ಒತ್ತಿ ನೋಡಿ ಫೇಲ್ ಮಾಡಿದರು. ಹಾಸಿಗೆಯಲ್ಲಿ ಮೈಯೆಲ್ಲ ಹೂತುಹೋಗುತ್ತದೆ, ಎದ್ದು ಬರುವ ನಂಬಿಕೆಯೇ ಇಲ್ಲ ಎಂದರು.

ಮಧ್ಯಾಹ್ನ ರೂಮು ಸ್ವಚ್ಛ ಮಾಡಲು ಹೋದ ಹೆಂಗಸು ನೋಡಿದ್ದು ಇಷ್ಟು: ಮಂಚದ ತುಂಬ ದಿಂಬು, ನೆಲದ ಮೇಲೆ ಹಿರಿಯರು, ಕಣ್ಣು ಚಾವಣಿಯ ಕಡೆ. ಬಿದ್ದಿದ್ದಾರೆ ಎಂದುಕೊಂಡು ಗಾಬರಿಯಲ್ಲಿ ವಾಕಿಟಾಕಿಯಲ್ಲಿ ಕೂಗಿದಳು. ಇಬ್ಬರು ಸ್ಟ್ರೆಚರ್ ಹಿಡಿದು ಓಡಿದರು, ಅವರ ಹಿಂದೆ ಮ್ಯಾನೇಜರರು, ಅವರ ಹಿಂದೆ ನಾನು. ನಾವು ಹೋಗುವಷ್ಟರಲ್ಲಿ ಮಾಸ್ತರರನ್ನು ಎತ್ತಿ ಸ್ಟ್ರೆಚರಿನ ಮೇಲೆ ಮಲಗಿಸಿಯೂ ಆಗಿತ್ತು. ಏನೂ ಆಗಿಲ್ಲ ಎಂದು ಹೇಳಲು ಬಾಯಿ ತೆರೆದವರು, ಸ್ಟ್ರೆಚರನ್ನು ಕೈಯಿಂದ ತಟ್ಟಿ ನೋಡಿದರು. ಮುಖ ಅರಳಿತು.

"ಇದು ಚಲೋ ಗಟ್ಟಿ ಐತಿ. ಇದನ್ನ ಇಲ್ಲೇ ಬಿಟ್ಟು ಹೋಗ್ರಿ."

ಊರು ಬರುವ ತನಕ

ಮೂರನೆಯ ದಿನ ಚೆಕ್ ಔಟ್. ಮಗಳ ಮುಖ ಬಾಡಿತ್ತು. ನನಗೂ ಸೋತಂತಾಗಿತ್ತು. ಲಗೇಜ್ ಇಳಿಸುವವರೆಗೆ ಒಂದು ಸುತ್ತು ಹಾಕಿಕೊಂಡು ಬನ್ನಿ ಎಂದು ಮಾಸ್ತರರನ್ನು ಬಗ್ಗಿ ಹತ್ತಿಸಿದೆ. ಬಗ್ಗಿ ಎಂದರೆ ಅತಿಥಿಗಳನ್ನು ರೆಸಾರ್ಟಿನೊಳಗೆ ಸುತ್ತಿಸುವ, ಬಾಗಿಲಿಲ್ಲದ ಬ್ಯಾಟರಿ ಗಾಡಿ. ಓಡಿಸುವವರು ಒಬ್ಬ ಮಲಯ್ ಅಂಕಲ್.

ಮಾಸ್ತರರು ಒಳಗೆ ಸರಿದು ಕುಳಿತು ಅಂಚಿನ ಸೀಟು ಖಾಲಿ ಬಿಟ್ಟರು. ಗಾಳಿಗೆ ಈ ಕಡೆ ಕೂತುಕೊಳ್ಳಿ ಎಂದೆ.

"ಬ್ಯಾಡವ್ವಾ. ಅದು ನಮ್ಮ ಮನಿಯಾಕಿ ಸೀಟು. ಇಬ್ಬರೂ ಒಂದ ಸಾಲ್ಯಾಗ ಕಲಸತಿದ್ವಿ, ದಿನಾ ಒಂದ ಬಸ್ಸು. ನಾ ನಿದ್ದಿ ಮಾಡತಿದ್ದೆ, ಊರು ಬಂದ್ರ ಆಕಿ ಎಬ್ಬಸತಿದ್ಲು."

ಗಾಡಿ ಹೊರಟಿತು. ಹಲಗೆಯ ಸೇತುವೆಯ ಮೇಲೆ ಗಡಗಡ ಅಂದಿತು. ಸುತ್ತು ಮುಗಿಸಿ ಲಾಬಿಗೆ ಬಂದಾಗ ಮಾಸ್ತರರ ತಲೆ ಎದೆಯ ಮೇಲೆ ಬಿದ್ದಿತ್ತು, ಸಣ್ಣಗೆ ಗೊರಕೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ನಿಲ್ಲಿಸಬೇಡಿ ಎಂದು ನಾನು ಅಂಕಲ್‌ಗೆ ಕೈಸನ್ನೆ ಮಾಡಿದೆ.

ಆಮೇಲೆ ಆ ಬಗ್ಗಿ ಸುತ್ತುತ್ತಲೇ ಇತ್ತು. ಕಡಲ ದಂಡೆ, ಈಜುಕೊಳ, ಕಾಗದದ ಹೂವಿನ ಬೇಲಿ, ಮತ್ತೆ ಲಾಬಿ. ಬಿಸಿಲೂ ತೂಕಡಿಸುತ್ತಿತ್ತು. ಗಾಡಿಗೆ ಕಾದವರಿಗೆಲ್ಲ ಸೀಟು ಇಲ್ಲ ಎಂದೆ. ಒಬ್ಬರು, ಅಲ್ಲಿ ಖಾಲಿ ಕಾಣುತ್ತದಲ್ಲ ಎಂದು ಜಗಳಕ್ಕೆ ಬಂದರು. ಅದು ರಿಸರ್ವ್ ಆಗಿದೆ ಎಂದೆ. ಸುಳ್ಳೇನೂ ಅಲ್ಲ.

ಮ್ಯಾನೇಜರರಿಗೆ ಮಾತ್ರ ಇಲ್ಲ ಎನ್ನಲಾಗಲಿಲ್ಲ. ದಂಡೆಯ ಕಡೆ ಅರ್ಜೆಂಟ್ ಕೆಲಸವಿದೆ ಎಂದು ಓಡಿ ಬಂದವರು, ಮಲಗಿದ್ದ ಮಾಸ್ತರರನ್ನು ಕಂಡು, ಸದ್ದು ಮಾಡದೆ ಆ ಅಂಚಿನ ಸೀಟಿನಲ್ಲೇ ಕುಳಿತರು. ನನ್ನ ನೌಕರಿ ಹೋಯಿತು ಎಂದುಕೊಂಡೆ.

ಗಾಡಿ ದಂಡೆ ದಾಟಿತು. ಅವರು ಇಳಿಯಲಿಲ್ಲ. ಸೇತುವೆ ದಾಟಿತು. ಆಗಲೂ ಇಳಿಯಲಿಲ್ಲ. ಲಾಬಿಯ ಮುಂದೆ ಬಂದಾಗ ನೋಡುತ್ತೇನೆ, ಮಾಸ್ತರರು ಎಚ್ಚರವಾಗಿ, ಕಣ್ಣು ನಿಚ್ಚಳವಾಗಿ, ನೆಟ್ಟಗೆ ಕುಳಿತಿದ್ದಾರೆ. ಅವರ ಹೆಗಲ ಮೇಲೆ ತಲೆ ಇಟ್ಟು, ಬಾಯಿ ತೆರೆದು, ನಮ್ಮ ಮ್ಯಾನೇಜರರು ಗಾಢ ನಿದ್ದೆಯಲ್ಲಿದ್ದಾರೆ. ಅವರ ಸೊಂಟದಲ್ಲಿದ್ದ ವಾಕಿಟಾಕಿ ಅವರನ್ನೇ ಹುಡುಕುತ್ತಿತ್ತು.

ನಾನು ಎಬ್ಬಿಸಲು ಹೋದೆ. ಮಾಸ್ತರರು ತುಟಿಯ ಮೇಲೆ ಬೆರಳಿಟ್ಟರು.

"ಗಾಡಿ ನಿಲ್ಲಸಬ್ಯಾಡ ಅಂತ ಹೇಳವ್ವಾ," ಎಂದರು ಮೆಲ್ಲಗೆ. "ಇವರ ಊರು ಇನ್ನೂ ಬಂದಿಲ್ಲ."