ಚಿಕ್ಕಪ್ಪ ಟ್ರೈನರ್ ಆಗಲು ಹೊರಟದ್ದು

ಹೆಂಡತಿಯಿಂದ ಶೂ ಲೇಸು ಕಟ್ಟಿಸಿಕೊಂಡು ಜಿಮ್‌ಗೆ ಹೋದ ಮನುಷ್ಯ ನಮ್ಮೂರು ಹುಬ್ಬತಲೈಯಲ್ಲಿ ಒಬ್ಬರೇ, ನಮ್ಮ ಚಿಕ್ಕಪ್ಪ. ಬಗ್ಗಲು ಹೊಟ್ಟೆ ಬಿಡುತ್ತಿರಲಿಲ್ಲ. ಹೋದದ್ದಾದರೂ ಆ ಹೊಟ್ಟೆ ಕರಗಿಸಲು ಎಂದುಕೊಂಡಿರಾ? ಅಲ್ಲ, ಬೇರೆಯವರ ಹೊಟ್ಟೆ ಕರಗಿಸುವ ಪರ್ಸನಲ್ ಟ್ರೈನರ್ ಆಗಲು!

ಫ್ಯಾಕ್ಟರಿಗೆ ಟೀ ಎಲೆ ಸಾಗಿಸುವ ಲಾರಿ ಓಡಿಸುತ್ತಿದ್ದವರು. ಸೊಂಟ ನೋವೆಂದು ಡಾಕ್ಟರು ಲಾರಿ ಬಿಡಿಸಿದರು. ಮನೆಯಲ್ಲಿ ಕೂರಲಾರದೆ ಕೂನೂರಿನ ಜಿಮ್ಮೊಂದರಲ್ಲಿ ತರಬೇತಿಗೆ ಸೇರಿಕೊಂಡರು.

"ಈ ಹೊಟ್ಟೆ ನೋಡಿ ಯಾರು ಬರುವರು?" ಎಂದರು ಚಿಕ್ಕಮ್ಮ.

"ಟ್ರೈನರ್ ಮಾತು ಕೇಳದಿದ್ದರೆ ಏನಾಗುತ್ತೆ ಅಂತ ತೋರಿಸೋಕೆ ಒಂದು ಹೊಟ್ಟೆ ಬೇಡವಾ?"

ಯಾರಿಗೇ ಆಗಲಿ ವ್ಯಾಯಾಮ ಹೇಳಿಕೊಡುವ ಮೊದಲು ಅವರ ಆರೋಗ್ಯ ವಿಚಾರಿಸಬೇಕು ಎನ್ನುವುದು ಮೊದಲ ಪಾಠ. ಚಿಕ್ಕಪ್ಪ ಅದನ್ನು ನಂಜನಾಡಿನ ಮದುವೆಯೂಟದಲ್ಲಿ ಅಭ್ಯಾಸ ಮಾಡಿದರು. "ಬಿಪಿ ಇದೆಯಾ? ಆಪರೇಷನ್ ಏನಾದರೂ ಆಗಿದೆಯಾ?" ಇನ್ಶೂರೆನ್ಸ್ ಏಜೆಂಟ್ ಇರಬೇಕೆಂದು ಅಕ್ಕಪಕ್ಕದವರು ಎಲೆ ಬಿಟ್ಟೆದ್ದರು.

ಎರಡನೆಯ ಪಾಠ ವಾರ್ಮಪ್. ಬೆಳಗಿನ ಚಳಿಯಲ್ಲಿ ರಸ್ತೆಬದಿ ನಿಂತು ಕೈ ಬೀಸುತ್ತಿದ್ದರೆ ಬಸ್ಸು ನಿಂತುಬಿಟ್ಟಿತು.

"ಏರೋದಿಲ್ಲಪ್ಪ, ಮೈ ಬಿಸಿ ಮಾಡ್ತಾ ಇದ್ದೇನೆ."

"ಅದಕ್ಕೆ ಬಸ್ ಯಾಕೆ ನಿಲ್ಲಿಸ್ತೀರಿ? ಟೀ ಕುಡೀರಿ," ಎಂದು ಕಂಡಕ್ಟರ್ ಸೀಟಿ ಊದಿದ.

ಪರೀಕ್ಷೆಗೆ ಮುಂಚೆ ಯಾರಾದರೊಬ್ಬರಿಗೆ ಕೆಲವು ತಿಂಗಳು ತರಬೇತಿ ಕೊಡಬೇಕಿತ್ತು. ಊರೆಲ್ಲ ತಪ್ಪಿಸಿಕೊಂಡಿತು. ಉಳಿದದ್ದು ನನ್ನ ಅಮ್ಮ. ತೋಟದಲ್ಲಿ ಜಾರಿ ಬಿದ್ದ ಮೇಲೆ ಅವಳಿಗೆ ಓಡಿಹೋಗುವ ಶಕ್ತಿಯೂ ಇರಲಿಲ್ಲ.

"ಅತ್ತಿಗೆ, ನಿನಗ ಏನು ಬೇಕು? ತೂಕ ಇಳೀಬೇಕಾ, ಶಕ್ತಿ ಬರಬೇಕಾ?" ಕ್ಲಾಸಿನಲ್ಲಿ ಹೇಳಿಕೊಟ್ಟಂತೆಯೇ ಕೇಳಿದರು.

ಅಮ್ಮ ಮೊಣಕಾಲು ನೀವಿಕೊಂಡಳು. "ನೆಂಟರ ಮನೇಲಿ ಎಲ್ಲರೂ ಚಾಪೆ ಮೇಲೆ ಕೂತಿರುವರು. ಎನಗ ಮಾತ್ರ ಮೂಲೇಲಿ ಕುರ್ಚಿ. ನೆಲದಲ್ಲಿ ಕೂತು, ಯಾರ ಕೈಯೂ ಹಿಡೀದೆ ಏಳಬೇಕು. ಅಷ್ಟೇ."

ಅವತ್ತು ಚಿಕ್ಕಪ್ಪ ತಮಾಷೆ ಮಾಡಲಿಲ್ಲ. ಮರುದಿನವೇ ಅವಳನ್ನು ಡಾಕ್ಟರಿಗೆ ತೋರಿಸಿ, ವ್ಯಾಯಾಮ ಮಾಡಬಹುದೆಂದು ಹೇಳಿಸಿಕೊಂಡು ಬಂದರು.

ಮೊದಲು ದಿಂಬು ಹಾಕಿದ ಕುರ್ಚಿಯಲ್ಲಿ ಕೂತು ಏಳುವುದು. ಆಮೇಲೆ ದಿಂಬು ಹೋಯಿತು, ಕುರ್ಚಿ ಹೋಗಿ ಸ್ಟೂಲು ಬಂತು, ಸ್ಟೂಲು ಹೋಗಿ ಮಣೆ ಬಂತು.

"ನೋವಾದರೆ ಹೇಳು ಅತ್ತಿಗೆ. ಮುಚ್ಚಿಟ್ಟರೆ ಎನ್ನ ಫೇಲ್ ಮಾಡುವರು."

"ಎನ್ನ ಮೊಣಕಾಲಲ್ಲಿ ನಿನ್ನ ಪರೀಕ್ಷೆಯಾ?" ಎಂದು ಬೈಯುತ್ತಲೇ ಅಮ್ಮ ಎದ್ದಳು, ಕೂತಳು, ಮತ್ತೆ ಎದ್ದಳು.

ಪರೀಕ್ಷೆಯಲ್ಲಿ ಚಿಕ್ಕಪ್ಪ ಫೇಲಾದರು. ಸ್ನಾಯುಗಳ ಇಂಗ್ಲಿಷ್ ಹೆಸರುಗಳು ಕೈಕೊಟ್ಟವು. ಅದು ಮನೆಯವರಿಗಷ್ಟೇ ಗೊತ್ತು.

ಆ ವಾರವೇ ಚಿಕ್ಕಪ್ಪನ ಮೊಮ್ಮಗುವಿಗೆ ಹೆಸರಿಡುವ ದಿನ. ಅಮ್ಮ ಬೀಗರ ಹೆಂಗಸರ ನಡುವೆ ಚಾಪೆಯ ಮೇಲೆ ಕೂತು ಮಗುವನ್ನು ಆಡಿಸಿದಳು. ಅದು ಹಾಲಿಗೆ ಅತ್ತಾಗ ತಾಯಿಯ ಕೈಗೆ ಕೊಟ್ಟು, ನೆಲಕ್ಕೆ ಅಂಗೈ ಊರಿ, ಒಂದು ಮೊಣಕಾಲು ಎತ್ತಿದಳು. ಚಿಕ್ಕಪ್ಪ ಓಡಿಬಂದು ಕೈ ಚಾಚಿದರು, ಮುಟ್ಟಲಿಲ್ಲ. ಅಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು ಬೀಗರಿಗೆ ಹೇಳಿದಳು:

"ಇವ ಎನ್ನ ಟ್ರೈನರ್."

ಎಲ್ಲರಿಗೂ ಎದುರುತ್ತರ ಕೊಡುವ ಚಿಕ್ಕಪ್ಪ ಗೋಡೆಯ ಕಡೆ ತಿರುಗಿ ನಿಂತರು.